ಅಪರೂಪದ ಕ್ಯಾನ್ಸರ್‌ಗೆ ಒಳಗಾದ ಮಕ್ಕಳು ಮತ್ತು ಯುವಜನರ ಚಿಕಿತ್ಸೆಗೆ ಆರ್ಥಿಕ ನೆರವು: ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಮೂಳೆಯಲ್ಲಿ ಕಾಣಿಸಿಕೊಳ್ಳುವ ಆಸ್ಟಿಯೋಸಾರ್ಕೋಮಾ ಮತ್ತು ಈವಿಂಗ್ ಸಾರ್ಕೋಮಾ, ಕಣ್ಣಿನ ರೆಟಿನೋಬ್ಲಾಸ್ಟೋಮಾ, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ನರಕೋಶಗಳ ನ್ಯೂರೋಬ್ಲಾಸ್ಟೋಮಾ ಮುಂತಾದವು ಮಕ್ಕಳಲ್ಲಿ ಹಾಗೂ ಹದಿಹರೆಯದವರಲ್ಲಿ ಕಂಡುಬರುವ ಅಪರೂಪದ ಕ್ಯಾನ್ಸರ್‌ಗಳಾಗಿವೆ. ಒಂದು ಊರಿನಲ್ಲಿ ವರ್ಷಗಟ್ಟಲೆ ಇಂತಹ ಒಂದು ಪ್ರಕರಣವೂ ಇಲ್ಲದಿರಬಹುದು. ಆದುದರಿಂದ ಕಾಯಿಲೆ ಬಂದ ಕುಟುಂಬಕ್ಕೆ ಕೇಳಿ ತಿಳಿಯಲು ನೆರೆಹೊರೆಯಲ್ಲಿ ಅನುಭವಸ್ಥರು ಸಿಗುವುದಿಲ್ಲ. ಯಾವ ಕಚೇರಿಗೆ ಮೊದಲು ಹೋಗಬೇಕು ಎಂಬುದೇ ತಿಳಿಯದೆ ದಿನಗಳು ಕಳೆಯುತ್ತವೆ.

ಈ ಕಾಯಿಲೆಗಳು ಅಪರೂಪವಾದರೂ ಗುಣವಾಗದವುಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಮಗ್ರ ಚಿಕಿತ್ಸೆ ದೊರೆಯುವ ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳ ಪೈಕಿ ಶೇಕಡ 80ಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ. ಹಲವು ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ ಈ ಪ್ರಮಾಣ ಶೇಕಡ 30ಕ್ಕಿಂತ ಕಡಿಮೆ ಇದೆ. ಇಷ್ಟು ದೊಡ್ಡ ಅಂತರಕ್ಕೆ ತಡವಾದ ರೋಗನಿರ್ಣಯ ಒಂದು ಕಾರಣ. ಹಣವಿಲ್ಲದೆ ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದು ಇನ್ನೊಂದು ಮುಖ್ಯ ಕಾರಣ. ಎರಡು ಸುತ್ತಿನ ಕೀಮೋಥೆರಪಿಯ ನಂತರ ಗಡ್ಡೆ ಕರಗಿದಂತೆ ಕಂಡು ಮಗು ಆಟವಾಡಲು ತೊಡಗಿದರೂ ಚಿಕಿತ್ಸೆ ಮುಗಿದಿರುವುದಿಲ್ಲ. ಕುಟುಂಬವು ಹಣದ ಏರ್ಪಾಟನ್ನು ಮೊದಲ ಬಿಲ್ಲಿಗಷ್ಟೇ ಅಲ್ಲದೆ ಚಿಕಿತ್ಸೆಯ ಪೂರ್ಣ ಅವಧಿಗೆ ಮಾಡಿಕೊಳ್ಳತಕ್ಕದ್ದು.

ಅರ್ಜಿಗಳ ಕ್ರಮವೇ ಮುಖ್ಯ

ಸರ್ಕಾರದ ನೆರವಿನ ಯೋಜನೆಗಳು ಹಲವು ಇದ್ದು, ಅವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮುನ್ನ ಅನುಮೋದನೆ ಪಡೆದು, ಹಣವನ್ನು ನೇರವಾಗಿ ಆಸ್ಪತ್ರೆಗೆ ಪಾವತಿಸುವ ಸ್ವರೂಪದವು. ಕುಟುಂಬವು ಒಡವೆ ಅಡವಿಟ್ಟು, ದನ ಅಥವಾ ಜಮೀನು ಮಾರಿ ಮೊದಲೇ ಪಾವತಿಸಿದ ಹಣವನ್ನು ಈ ಯೋಜನೆಗಳ ಅಡಿಯಲ್ಲಿ ಹಿಂದಕ್ಕೆ ಪಡೆಯಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ರೋಗದ ಹೆಸರು ಕೇಳಿದ ದಿನವೇ ಗಾಬರಿಯಿಂದ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ ಮುಂಗಡ ಕಟ್ಟಿದ ಕುಟುಂಬಗಳು ಹೆಚ್ಚು ತೊಂದರೆಗೆ ಒಳಗಾಗುವುದು ಇದೇ ಕಾರಣದಿಂದ. ಉಸಿರಾಟದ ತೊಂದರೆ, ತೀವ್ರ ರಕ್ತಸ್ರಾವ ಮುಂತಾದ ತುರ್ತು ಸ್ಥಿತಿಯನ್ನು ಹೊರತುಪಡಿಸಿ, ಒಂದೆರಡು ದಿನ ತೆಗೆದುಕೊಂಡು ದಾಖಲೆಗಳನ್ನು ಸರಿಪಡಿಸಿಕೊಂಡು ಹೊರಡುವುದು ಲಾಭದಾಯಕ. ಹಾಗೆಂದು ವಾರಗಟ್ಟಲೆ ಕಾಯುವುದೂ ಸಲ್ಲದು. ಎಲ್ಲ ಕಾಗದವೂ ಕೈಸೇರುವವರೆಗೆ ರೋಗಿಯನ್ನು ಮನೆಯಲ್ಲಿ ಇರಿಸಿಕೊಳ್ಳಬಾರದು. ಬಾಕಿ ದಾಖಲೆಗಾಗಿ ಕುಟುಂಬದ ಒಬ್ಬರು ಊರಿನಲ್ಲಿ ಉಳಿದರೆ ಸಾಕು.

ಮೊದಲ ಹೆಜ್ಜೆ: ತಾಲ್ಲೂಕು ಆಸ್ಪತ್ರೆ

ಮಾಸದ ಊತ, ರಾತ್ರಿ ವೇಳೆ ಹೆಚ್ಚುವ ಮೂಳೆ ನೋವು, ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಹೊಟ್ಟೆಯಲ್ಲಿ ಗಡ್ಡೆ, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಮೊಣಕಾಲಿನ ಊತವನ್ನು ಆಟದಲ್ಲಿ ಬಿದ್ದ ಪೆಟ್ಟೆಂದು ಬಗೆದು ತಿಂಗಳುಗಟ್ಟಲೆ ನಾಟಿ ಕಟ್ಟು ಕಟ್ಟಿಸುವುದು ಮೂಳೆಯ ಕ್ಯಾನ್ಸರ್‌ನಲ್ಲಿ ಬಹಳ ಹಾನಿ ಉಂಟುಮಾಡುತ್ತದೆ. ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ತಪಾಸಣೆ ಮಾಡುತ್ತವೆ. 18 ವರ್ಷದೊಳಗಿನವರ ಪೋಷಕರು ಈ ತಂಡದ ನೆರವನ್ನೂ ಕೋರಬಹುದು.

ಈ ನಾಲ್ಕು ತಾಲ್ಲೂಕುಗಳ ಭೌಗೋಳಿಕ ಸ್ಥಿತಿಯನ್ನು ಗಮನಿಸತಕ್ಕದ್ದು. ಜಿಲ್ಲಾ ಕೇಂದ್ರವಾದ ಕಾರವಾರವು ದಾಂಡೇಲಿ, ಹಳಿಯಾಳಗಳಿಂದ ನೂರು ಕಿಲೋಮೀಟರಿಗೂ ಮಿಗಿಲಾದ ಘಟ್ಟದ ಹಾದಿ. 2021ರ ಜುಲೈ ತಿಂಗಳಲ್ಲಿ ಅಣಶಿ ಘಟ್ಟದಲ್ಲಿ ಆದಂತೆ ಮಳೆಗಾಲದಲ್ಲಿ ಭೂಕುಸಿತದಿಂದ ರಸ್ತೆ ಮುಚ್ಚುವುದೂ ಉಂಟು. ಧಾರವಾಡ ಮತ್ತು ಹುಬ್ಬಳ್ಳಿ ಹತ್ತಿರ. ಹಳಿಯಾಳದಿಂದ ಧಾರವಾಡಕ್ಕೆ ಒಂದು ಗಂಟೆಯ ಪ್ರಯಾಣ, ಮುಂಡಗೋಡದಿಂದ ಹುಬ್ಬಳ್ಳಿಗೂ ಹೆಚ್ಚು ಹೊತ್ತು ಬೇಕಿಲ್ಲ. ಆದುದರಿಂದ ಶಿಫಾರಸು ಪತ್ರ ಕೋರುವಾಗ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗೆ (ಜನರಲ್ಲಿ ಕಿಮ್ಸ್ ಎಂದೇ ಪರಿಚಿತವಾದದ್ದು) ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಳುಹಿಸುವಂತೆ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳಲ್ಲಿ ವಿನಂತಿಸಿಕೊಳ್ಳಬಹುದು.

ಕಿದ್ವಾಯಿ ಸಂಸ್ಥೆಯು 1973ರಲ್ಲಿ ಸ್ಥಾಪನೆಯಾಗಿದ್ದು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯತೆ ಪಡೆದಿದೆ. ಅಲ್ಲಿ ಮಕ್ಕಳ ಕ್ಯಾನ್ಸರ್‌ಗೆಂದೇ ಪ್ರತ್ಯೇಕ ವಿಭಾಗವಿದೆ. ಅಪರೂಪದ ಕ್ಯಾನ್ಸರ್‌ನ ವಿಷಯದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ವರ್ಷಕ್ಕೆ ಒಂದೆರಡು ಇಂತಹ ರೋಗಿಗಳನ್ನು ಕಾಣುವ ಆಸ್ಪತ್ರೆಗಿಂತ ಅನೇಕರನ್ನು ಕಾಣುವ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸಾ ಯೋಜನೆ ತಯಾರಾಗುವುದು ಒಳ್ಳೆಯದು. ಯೋಜನೆ ತಯಾರಾದ ನಂತರ ಕೀಮೋಥೆರಪಿಯ ಕೆಲವು ಸುತ್ತುಗಳನ್ನು ಹತ್ತಿರದಲ್ಲಿ ಪಡೆಯಲು ಸಾಧ್ಯವೇ ಎಂದು ತಜ್ಞರನ್ನು ಕೇಳಬಹುದು. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕೀಮೋಥೆರಪಿ ಕೇಂದ್ರಗಳು ಆರಂಭಗೊಂಡಿವೆ.

ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿ ಇನ್ನೊಂದಕ್ಕೆ ಹೋಗುವವರು ವರದಿಯ ಕಾಗದದೊಂದಿಗೆ ಬಯಾಪ್ಸಿಯ ಮೇಣದ ಬ್ಲಾಕ್ ಹಾಗೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯತಕ್ಕದ್ದು. ಇವು ಇಲ್ಲದಿದ್ದಲ್ಲಿ ಮತ್ತೊಮ್ಮೆ ಬಯಾಪ್ಸಿ ಮಾಡಬೇಕಾಗಿ ಬರಬಹುದು. ಹಣ ಮತ್ತು ಸಮಯ ಎರಡೂ ನಷ್ಟ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

ಕುಟುಂಬವು ಮೊದಲು ಆಶ್ರಯಿಸಬೇಕಾದ ಯೋಜನೆ ಇದು. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಅನುಷ್ಠಾನಗೊಳಿಸುತ್ತಿದೆ. ಹಿರಿಯರು ಈಗಲೂ ನೆನಪಿಟ್ಟುಕೊಂಡಿರುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಇದರಲ್ಲಿ ವಿಲೀನಗೊಂಡಿದ್ದು, ಆ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಇರುವುದಿಲ್ಲ.

ಅಂತ್ಯೋದಯ ಅಥವಾ ಆದ್ಯತಾ (ಬಿ.ಪಿ.ಎಲ್.) ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಈ ಮಿತಿ ಇಡೀ ಕುಟುಂಬಕ್ಕೆ ಸೇರಿ ಅನ್ವಯಿಸುತ್ತದೆ. ಕುಟುಂಬದ ಒಬ್ಬರೇ ಅದನ್ನು ಪೂರ್ಣವಾಗಿ ಬಳಸಿಕೊಳ್ಳಲೂ ಅಡ್ಡಿಯಿಲ್ಲ. ಬಿ.ಪಿ.ಎಲ್. ಚೀಟಿ ಇಲ್ಲದ ಸಾಮಾನ್ಯ ವರ್ಗದ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಉದಾಹರಣೆಗೆ ಪ್ಯಾಕೇಜ್ ದರ 1 ಲಕ್ಷ ರೂಪಾಯಿ ಇದ್ದಲ್ಲಿ ಸರ್ಕಾರದ ಪಾಲು 30,000; ಉಳಿದ 70,000 ಕುಟುಂಬದ ಪಾಲು. ಸಾಮಾನ್ಯ ವರ್ಗದ ಕುಟುಂಬಗಳು ಉಳಿದ ಪಾಲಿಗಾಗಿ ಮುಂದೆ ವಿವರಿಸಿದ ನಿಧಿಗಳ ಅರ್ಜಿಯನ್ನು ಮೊದಲ ವಾರದಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಹಾಗೂ ವಿಕಿರಣ ಚಿಕಿತ್ಸೆಗಳು ತೃತೀಯ ಹಂತದ ಚಿಕಿತ್ಸೆಗಳಾಗಿವೆ. ಇವುಗಳನ್ನು ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಪತ್ರವಿಲ್ಲದೆ ದಾಖಲಾದವರು ದಾಖಲಾದ ನಂತರ ಪತ್ರ ತರಿಸಲು ಪಡುವ ಪಾಡು ಸಣ್ಣದಲ್ಲ. ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮುನ್ನವೇ ಅವರನ್ನು ಕಂಡು, ಪಡಿತರ ಚೀಟಿ, ಆಧಾರ್ ಮತ್ತು ಶಿಫಾರಸು ಪತ್ರ ತೋರಿಸಿ, ಪೂರ್ವಾನುಮತಿ ಪಡೆದ ನಂತರವೇ ಚಿಕಿತ್ಸೆ ಆರಂಭಿಸುವಂತೆ ಕೋರತಕ್ಕದ್ದು. ಅನುಮೋದಿತ ಪ್ಯಾಕೇಜ್‌ನಲ್ಲಿ ಒಳಗೊಂಡ ಚಿಕಿತ್ಸೆಗೆ ಬಿ.ಪಿ.ಎಲ್. ರೋಗಿಯಿಂದ ಪ್ರತ್ಯೇಕ ಹಣ ಪಡೆಯಲು ಆಸ್ಪತ್ರೆಗೆ ಅವಕಾಶವಿಲ್ಲ. ಕೇಳಿದಲ್ಲಿ ರಸೀದಿ ಪಡೆದು ಟ್ರಸ್ಟಿಗೆ ದೂರು ಸಲ್ಲಿಸಬಹುದು.

ಅಪರೂಪದ ಕ್ಯಾನ್ಸರ್‌ನಲ್ಲಿ ತೊಡಕು ಎದುರಾಗುವುದು ಪ್ಯಾಕೇಜ್ ಪಟ್ಟಿಯ ಅಂಚಿನಲ್ಲಿ. ಸಾಂಪ್ರದಾಯಿಕ ಕೀಮೋಥೆರಪಿ ಪಟ್ಟಿಯಲ್ಲಿರುತ್ತದೆ. ಆದರೆ ವಂಶವಾಹಿ ಪರೀಕ್ಷೆ, ಕೆಲವು ಹೊಸ ಔಷಧಿಗಳು, ಕೈಕಾಲು ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸುವ ಕೃತಕ ಮೂಳೆ ಇವುಗಳ ಪೂರ್ಣ ವೆಚ್ಚ ಪ್ಯಾಕೇಜ್ ದರದಲ್ಲಿ ಹಿಡಿಸದೇ ಇರಬಹುದು. ಚಿಕಿತ್ಸೆಯ ಮೊದಲ ಸಭೆಯಲ್ಲಿಯೇ ವೈದ್ಯರನ್ನು ಎರಡು ವಿಷಯ ಕೇಳತಕ್ಕದ್ದು: ಒಟ್ಟು ಎಷ್ಟು ತಿಂಗಳ ಚಿಕಿತ್ಸೆ, ಮತ್ತು ಅದರಲ್ಲಿ ಯಾವ ಭಾಗ ಯೋಜನೆಯ ಹೊರಗೆ ಉಳಿಯುತ್ತದೆ. ಆಸ್ಪತ್ರೆಯ ಮುದ್ರೆಯುಳ್ಳ ಲಿಖಿತ ಅಂದಾಜು ವೆಚ್ಚ ಪತ್ರವನ್ನು ಅದೇ ದಿನ ಪಡೆಯುವುದು ಒಳಿತು. ಮುಂದಿನ ಎಲ್ಲ ಅರ್ಜಿಗಳಿಗೂ ಈ ಒಂದು ಪತ್ರವೇ ಆಧಾರ.

ಹೊರರಾಜ್ಯದ ಆಸ್ಪತ್ರೆ

ಜೋಯಿಡಾ ತಾಲ್ಲೂಕಿನ ರಾಮನಗರ ಭಾಗದ ಜನರು ಗೋವೆಗೆ ಹೋಗುವುದು ವಾಡಿಕೆ. ತಜ್ಞರ ಸಲಹೆಯಂತೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಆಯುಷ್ಮಾನ್ ಯೋಜನೆಯಲ್ಲಿ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಪಡೆಯುವ ಸೌಲಭ್ಯವಿದೆಯಾದರೂ, ಅದು ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಸಂಬಂಧಿಸಿದ್ದು. ರಾಜ್ಯದ ಪಡಿತರ ಚೀಟಿ ಇದ್ದ ಮಾತ್ರಕ್ಕೆ ಅದು ಗೋವೆಯಲ್ಲಿಯೋ ಮುಂಬೈಯಲ್ಲಿಯೋ ನಡೆಯುತ್ತದೆಂದು ಭಾವಿಸದೆ, ಹೊರಡುವ ಮುನ್ನ 14555 ಸಂಖ್ಯೆಗೆ ಕರೆ ಮಾಡಿ ಕುಟುಂಬದ ಅರ್ಹತೆಯನ್ನು ವಿಚಾರಿಸಿಕೊಳ್ಳತಕ್ಕದ್ದು.

ಯೋಜನೆಯ ಮಿತಿ ಮೀರಿದಾಗ

ರಾಷ್ಟ್ರೀಯ ಆರೋಗ್ಯ ನಿಧಿ ಹಾಗೂ ಅದರ ಅಂಗವಾದ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ: ಮೊದಲನೆಯದನ್ನು 1997ರಲ್ಲಿ, ಎರಡನೆಯದನ್ನು 2009ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬದ ರೋಗಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಪಡೆಯುವ ಚಿಕಿತ್ಸೆಗೆ, ಗರಿಷ್ಠ 15 ಲಕ್ಷ ರೂಪಾಯಿಗಳವರೆಗೆ ನೆರವು ಇದೆ. ಕಿದ್ವಾಯಿಯಂತಹ ಪ್ರಾದೇಶಿಕ ಕೇಂದ್ರಗಳಲ್ಲಿ ಆವರ್ತ ನಿಧಿ ಇರಿಸುವ ವ್ಯವಸ್ಥೆ ಇರುವುದರಿಂದ ಪ್ರತಿ ಅರ್ಜಿಯೂ ದೆಹಲಿಗೆ ಹೋಗಬೇಕೆಂದಿಲ್ಲ. ನಿಗದಿತ ನಮೂನೆಯನ್ನು ಚಿಕಿತ್ಸೆ ನೀಡುವ ವೈದ್ಯರು ತುಂಬಿ ಸಹಿ ಮಾಡಿ, ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಮೇಲುಸಹಿ ಮಾಡತಕ್ಕದ್ದು. ಆದಾಯ ಪ್ರಮಾಣ ಪತ್ರ ಮತ್ತು ಪಡಿತರ ಚೀಟಿಯ ಪ್ರತಿ ಲಗತ್ತಿಸತಕ್ಕದ್ದು. ಆಯುಷ್ಮಾನ್ ಪ್ಯಾಕೇಜ್‌ನಲ್ಲಿ ದೊರೆಯುವ ಚಿಕಿತ್ಸೆಗೆ ಈ ನಿಧಿ ಅಲ್ಲ. ಸರ್ಕಾರಿ ನೌಕರರ ಕುಟುಂಬಕ್ಕೆ ಅನ್ವಯಿಸುವುದಿಲ್ಲ. ಈಗಾಗಲೇ ಖರ್ಚಾದ ಹಣದ ಮರುಪಾವತಿಯೂ ಇಲ್ಲ.

ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ: 1948ರ ಜನವರಿಯಲ್ಲಿ ದೇಶ ವಿಭಜನೆಯ ನಿರಾಶ್ರಿತರಿಗಾಗಿ ಸ್ಥಾಪಿತವಾದ ಈ ನಿಧಿಯಿಂದ ಹೃದಯ ಶಸ್ತ್ರಚಿಕಿತ್ಸೆ, ಮೂತ್ರಪಿಂಡ ಕಸಿ, ಕ್ಯಾನ್ಸರ್ ಮುಂತಾದವುಗಳಿಗೆ ಭಾಗಶಃ ನೆರವು ನೀಡಲಾಗುತ್ತದೆ. ಅರ್ಜಿಯೊಂದಿಗೆ ರೋಗಿಯ ಎರಡು ಭಾವಚಿತ್ರ, ವಾಸಸ್ಥಳದ ದಾಖಲೆ, ಆದಾಯ ಪ್ರಮಾಣ ಪತ್ರ, ರೋಗದ ಸ್ವರೂಪ ಹಾಗೂ ಅಂದಾಜು ವೆಚ್ಚ ತಿಳಿಸುವ ಮೂಲ ವೈದ್ಯಕೀಯ ಪ್ರಮಾಣ ಪತ್ರ ಇರತಕ್ಕದ್ದು. ಆಸ್ಪತ್ರೆಯು ಸರ್ಕಾರಿ ಆಸ್ಪತ್ರೆಯಾಗಿರಬೇಕು ಇಲ್ಲವೇ ನಿಧಿಯ ಪಟ್ಟಿಯಲ್ಲಿರಬೇಕು. ಮಂಜೂರಾದ ಹಣ ಆಸ್ಪತ್ರೆಗೆ ಸಂದಾಯವಾಗುತ್ತದೆ. ಸಂಸದರ ಶಿಫಾರಸಿನೊಂದಿಗೆ ಅರ್ಜಿ ಕಳುಹಿಸುವ ರೂಢಿ ಇದೆ. ನಾಲ್ಕೂ ತಾಲ್ಲೂಕುಗಳು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದವು.

ಮುಖ್ಯಮಂತ್ರಿಗಳ ಪರಿಹಾರ ನಿಧಿ: ಇದಕ್ಕೆ ಅರ್ಜಿಯನ್ನು ಅಂದಾಜು ವೆಚ್ಚ ಪತ್ರದೊಂದಿಗೆ ಅಥವಾ ಚಿಕಿತ್ಸೆಯ ನಂತರ ಮೂಲ ಬಿಲ್ಲುಗಳು ಹಾಗೂ ಬಿಡುಗಡೆ ಸಾರಾಂಶದೊಂದಿಗೆ ಸಲ್ಲಿಸಬಹುದಾಗಿದೆ. ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಅಗತ್ಯ. ಹಣ ಖರ್ಚು ಮಾಡಿಯಾದ ಕುಟುಂಬಕ್ಕೆ ಉಳಿದಿರುವ ದಾರಿ ಬಹುಮಟ್ಟಿಗೆ ಇದೊಂದೇ ಆದ್ದರಿಂದ, ಔಷಧಿ ಅಂಗಡಿಯ ಚಿಕ್ಕ ರಸೀದಿಯನ್ನೂ ಎಸೆಯದೆ ಇಟ್ಟುಕೊಳ್ಳತಕ್ಕದ್ದು. ಮೊತ್ತವು ಪ್ರಕರಣಕ್ಕನುಗುಣವಾಗಿ ನಿರ್ಧಾರವಾಗುತ್ತದೆ. ಪೂರ್ಣ ವೆಚ್ಚ ದೊರೆಯುವುದೆಂದು ನಿರೀಕ್ಷಿಸಬಾರದು. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಿ ಹಣ ಪಡೆಯುವಂತಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕಿನವರು ಹಳಿಯಾಳ ವಿಧಾನಸಭಾ ಕ್ಷೇತ್ರದ, ಮುಂಡಗೋಡದವರು ಯಲ್ಲಾಪುರ ಕ್ಷೇತ್ರದ ಶಾಸಕರ ಕಚೇರಿಯ ಮೂಲಕವೂ ಅರ್ಜಿ ಕಳುಹಿಸಬಹುದು.

ಅಪರೂಪದ ಕಾಯಿಲೆಗಳ ನೀತಿಯ ಬಗ್ಗೆ

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆಂಬ ಸುದ್ದಿ ಓದಿ, ಕ್ಯಾನ್ಸರ್ ರೋಗಿಗಳ ಕುಟುಂಬದವರು ಅದಕ್ಕೆ ಅರ್ಜಿ ಹಾಕಲು ಮುಂದಾಗುವುದುಂಟು. ಆ ನೀತಿಯು ತನ್ನ ಪಟ್ಟಿಯಲ್ಲಿ ಹೆಸರಿಸಿದ ಕಾಯಿಲೆಗಳಿಗೆ ಸೀಮಿತವಾಗಿದ್ದು, ಅವು ಬಹುಪಾಲು ಹುಟ್ಟಿನಿಂದ ಬರುವ ಆನುವಂಶಿಕ ಕಾಯಿಲೆಗಳು. ಕ್ಯಾನ್ಸರ್ ಅಪರೂಪದ ಬಗೆಯದ್ದೆಂಬ ಒಂದೇ ಕಾರಣಕ್ಕೆ ಅದರಡಿ ನೆರವು ಸಿಗುವುದಿಲ್ಲ. ಇದಕ್ಕಾಗಿ ಬೆಲೆಯುಳ್ಳ ವಾರಗಳನ್ನು ಕಳೆಯದೆ ಮೇಲ್ಕಂಡ ನಿಧಿಗಳಿಗೆ ಅರ್ಜಿ ಸಲ್ಲಿಸುವುದು ಸೂಕ್ತ.

ದುಡಿಯುವ ಕುಟುಂಬಗಳಿಗೆ ಇರುವ ಇತರ ಸೌಲಭ್ಯಗಳು

ದಾಂಡೇಲಿಯಂತಹ ಕಾರ್ಖಾನೆಯ ಊರಿನಲ್ಲಿ ತಂದೆ ಅಥವಾ ತಾಯಿ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ (ಇ.ಎಸ್.ಐ.) ಒಳಪಟ್ಟಿದ್ದಲ್ಲಿ ಅವಲಂಬಿತ ಮಕ್ಕಳ ಚಿಕಿತ್ಸೆಗೂ ಅದು ಅನ್ವಯವಾಗುತ್ತದೆ. ದಾಂಡೇಲಿಯಲ್ಲಿಯೇ ಇ.ಎಸ್.ಐ. ಆಸ್ಪತ್ರೆ ಇದ್ದು, ಅಲ್ಲಿಂದ ಉನ್ನತ ಚಿಕಿತ್ಸೆಗೆ ಶಿಫಾರಸು ಪಡೆಯಬಹುದು. ಗುತ್ತಿಗೆ ಕಾರ್ಮಿಕರು ತಮ್ಮ ಸಂಬಳದಿಂದ ವಂತಿಗೆ ಕಡಿತವಾಗುತ್ತಿದೆಯೇ ಎಂದು ಸಂಬಳದ ಚೀಟಿ ನೋಡಿ ತಿಳಿದುಕೊಳ್ಳಬೇಕು. ಅನೇಕರಿಗೆ ತಮಗೆ ಈ ಹಕ್ಕು ಇರುವುದೇ ಗೊತ್ತಿರುವುದಿಲ್ಲ.

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದ ಗಾರೆ, ಬಡಗಿ, ಬಣ್ಣದ ಕೆಲಸದವರು ಮುಂತಾದವರಿಗೆ ಹಾಗೂ ಅವರ ಅವಲಂಬಿತರಿಗೆ ಕ್ಯಾನ್ಸರ್ ಸೇರಿದಂತೆ ಪ್ರಮುಖ ಕಾಯಿಲೆಗಳಿಗೆ 2 ಲಕ್ಷ ರೂಪಾಯಿಗಳವರೆಗೆ ಸಹಾಯಧನವಿದೆ. ನೋಂದಣಿ ಚಾಲ್ತಿಯಲ್ಲಿರತಕ್ಕದ್ದು. ಅರ್ಜಿಯನ್ನು ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿಯ ಮೂಲಕ ವಿಚಾರಿಸಬಹುದು.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಜಾರಿಗೆ ಬಂದಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಮಿತಿ ಇದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಉತ್ತರ ಕನ್ನಡದ ಸಿದ್ದಿ ಸಮುದಾಯವು 2003ರಿಂದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವುದರಿಂದ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಕುಟುಂಬಗಳು ಇದರ ಪ್ರಯೋಜನ ಪಡೆಯಬಹುದು. ಇದು ಮೊದಲೇ ನೋಂದಾಯಿಸಿಕೊಂಡವರಿಗೆ ಮಾತ್ರ. ರೋಗ ಕಂಡ ಮೇಲೆ ಸಂಘಕ್ಕೆ ಓಡಿದರೆ ಆ ವರ್ಷಕ್ಕೆ ಉಪಯೋಗವಾಗುವುದು ಕಷ್ಟ.

ದಾಖಲೆಗಳು

ತಿರಸ್ಕೃತವಾಗುವ ಅರ್ಜಿಗಳಲ್ಲಿ ಬಹಳಷ್ಟು ರೋಗಕ್ಕೆ ಸಂಬಂಧಪಟ್ಟ ಕಾರಣದಿಂದ ತಿರಸ್ಕೃತವಾಗುವುದಿಲ್ಲ, ಹೆಸರಿನ ಕಾರಣದಿಂದ ತಿರಸ್ಕೃತವಾಗುತ್ತವೆ. ಆಧಾರ್‌ನಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ, ಶಾಲೆಯ ದಾಖಲೆಯಲ್ಲಿ ಮತ್ತೊಂದು ಬಗೆ. ಕೊಂಕಣಿ, ಮರಾಠಿ ಮಾತನಾಡುವ ಮನೆಗಳಲ್ಲಿ ಅಡ್ಡಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ರೋಗಿಯ ಹೆಸರು ಪಡಿತರ ಚೀಟಿಯಲ್ಲಿ ಸೇರಿದೆಯೇ, ಆಧಾರ್‌ಗೆ ಹೊಂದುತ್ತದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಸೇರದಿದ್ದಲ್ಲಿ ತಹಶೀಲ್ದಾರರ ಕಚೇರಿಯ ಆಹಾರ ಶಾಖೆಗೆ ವೈದ್ಯಕೀಯ ವರದಿಯ ಪ್ರತಿಯೊಂದಿಗೆ ಅರ್ಜಿ ಕೊಟ್ಟು ಶೀಘ್ರ ವಿಲೇವಾರಿ ಕೋರಬಹುದು.

ಆದಾಯ ಪ್ರಮಾಣ ಪತ್ರ ಹಾಗೂ ಜಾತಿ ಪ್ರಮಾಣ ಪತ್ರವನ್ನು ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದ ಮೂಲಕ ಪಡೆಯಬಹುದು. ಇವು 2011ರ ಸಕಾಲ ಅಧಿನಿಯಮಕ್ಕೆ ಒಳಪಟ್ಟ ಸೇವೆಗಳಾದ್ದರಿಂದ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಕೇಳಿ ಪಡೆಯತಕ್ಕದ್ದು. ಜೋಯಿಡಾದ ಒಳಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗಲು ಒಂದು ದಿನವೇ ಹಿಡಿಯುತ್ತದೆ. ಬೆಂಗಳೂರಿಗೆ ಹೋದ ಮೇಲೆ ಒಂದು ಕಾಗದಕ್ಕಾಗಿ ಹಿಂದಿರುಗುವುದೆಂದರೆ ಒಂದು ಸುತ್ತಿನ ಚಿಕಿತ್ಸೆಯೇ ತಪ್ಪಬಹುದು. ಆದುದರಿಂದ ಎಲ್ಲ ಮೂಲ ದಾಖಲೆಗಳೊಂದಿಗೆ ಹತ್ತು ಹತ್ತು ನೆರಳಚ್ಚು ಪ್ರತಿ ಹಾಗೂ ರೋಗಿಯ ಭಾವಚಿತ್ರಗಳನ್ನು ಮೊದಲೇ ಮಾಡಿಸಿಕೊಂಡು ಹೊರಡುವುದು ಸೂಕ್ತ.

ಪ್ರಯಾಣ, ವಸತಿ ಮತ್ತು ಔಷಧಿ

ಆಸ್ಪತ್ರೆಯ ಬಿಲ್ಲು ಉಚಿತವಾದರೂ ಓಡಾಟ, ಊಟ, ಬಾಡಿಗೆ ಮತ್ತು ತಪ್ಪಿದ ಕೂಲಿ ಸೇರಿ ಕುಟುಂಬವನ್ನು ಸಾಲಕ್ಕೆ ನೂಕುತ್ತವೆ. ಚಿಕಿತ್ಸೆಗೆ ಅಥವಾ ನಿಯತ ತಪಾಸಣೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಹಾಗೂ ಮೂರನೇ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಶೇಕಡ 100, ಜೊತೆಗೆ ಬರುವ ಒಬ್ಬರಿಗೆ ಶೇಕಡ 75 ರಿಯಾಯಿತಿ ಇದೆ. ನಿಗದಿತ ನಮೂನೆಗೆ ಆಸ್ಪತ್ರೆಯ ವೈದ್ಯರ ಸಹಿ, ಮುದ್ರೆ ಪಡೆಯತಕ್ಕದ್ದು. ಅಳ್ನಾವರ, ಧಾರವಾಡ, ಹುಬ್ಬಳ್ಳಿ ಇವು ಈ ಭಾಗದವರಿಗೆ ಹತ್ತಿರದ ನಿಲ್ದಾಣಗಳು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ; ಹುಬ್ಬಳ್ಳಿಗೆ ಪದೇ ಪದೇ ಓಡಾಡುವ ತಾಯಂದಿರಿಗೆ ಇದು ಸಣ್ಣ ಉಳಿತಾಯವೇನಲ್ಲ. ಕಿದ್ವಾಯಿ ಆವರಣದಲ್ಲಿ ರೋಗಿಗಳ ಕಡೆಯವರಿಗಾಗಿ ಧರ್ಮಶಾಲೆ ಇದೆ. ಹಾಸಿಗೆಗಳು ಬೇಗ ತುಂಬುವುದರಿಂದ, ಹೊರರೋಗಿ ಚೀಟಿ ಮಾಡಿಸಿದ ಕೂಡಲೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸತಕ್ಕದ್ದು. ದಾನಿ ಸಂಸ್ಥೆಗಳ ನೆರವು ಕೂಡ ಸಾಮಾನ್ಯವಾಗಿ ಅವರ ಮೂಲಕವೇ ಬರುತ್ತದೆ.

ಹೊರಗೆ ಕೊಳ್ಳಬೇಕಾದ ಔಷಧಿಯ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಬೇಕು. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ಮಾರಾಟ ಲಾಭಾಂಶಕ್ಕೆ ಶೇಕಡ 30ರ ಮಿತಿ ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ಹಲವು ಜೀವರಕ್ಷಕ ಔಷಧಿಗಳ ಸರಕು ಮತ್ತು ಸೇವಾ ತೆರಿಗೆಯನ್ನು ತೆಗೆದುಹಾಕಲಾಗಿದ್ದು, ಉಳಿದ ಔಷಧಿಗಳಿಗೆ ಶೇಕಡ 12ರಿಂದ 5ಕ್ಕೆ ಇಳಿಸಲಾಗಿದೆ. ವಾಂತಿ ತಡೆಯುವ ಮಾತ್ರೆ, ಪ್ರತಿಜೀವಕ ಮುಂತಾದ ಪೂರಕ ಔಷಧಿಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

ಮೂಳೆ ಕ್ಯಾನ್ಸರ್‌ನಿಂದ ಕೈ ಅಥವಾ ಕಾಲು ಕಳೆದುಕೊಂಡವರು, ಕಣ್ಣಿನ ದೃಷ್ಟಿ ಹೋದವರು ಅಂಗವೈಕಲ್ಯ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿ ಮಾಸಾಶನ, ಬಸ್ ಪಾಸ್ ಹಾಗೂ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದ ಸೌಲಭ್ಯಗಳನ್ನು ಕೋರಬಹುದು. ಓದುತ್ತಿರುವವರು ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರಿಗೆ ಚಿಕಿತ್ಸೆಯ ಅವಧಿಯ ಪ್ರಮಾಣ ಪತ್ರವನ್ನು ಕೂಡಲೇ ಕೊಟ್ಟಲ್ಲಿ ಹಾಜರಾತಿಯ ತೊಂದರೆ ತಪ್ಪುತ್ತದೆ.

ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಮೇಲ್ಕಂಡ ಯಾವುದೇ ನಿಧಿಯ ಮಂಜೂರಾತಿಗೆ ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ಮಂಜೂರು ಮಾಡಿಸಿಕೊಡುತ್ತೇವೆಂದು ಹಣ, ಮೂಲ ವರದಿಗಳು ಅಥವಾ ಮೊಬೈಲ್‌ಗೆ ಬರುವ ಗುಪ್ತ ಸಂಖ್ಯೆಯನ್ನು ಕೇಳುವವರಿಗೆ ಕೊಡಬಾರದು. ರೋಗಿಯ ಚಿತ್ರ ಬಳಸಿ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವುದಾದಲ್ಲಿ ಖಾತೆಯು ಕುಟುಂಬದವರ ಅಥವಾ ಆಸ್ಪತ್ರೆಯ ಹೆಸರಿನಲ್ಲಿಯೇ ಇರತಕ್ಕದ್ದು.

ಹೆಚ್ಚಿನ ಮಾಹಿತಿಗೆ

ಸಂಬಂಧಪಟ್ಟ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಆರೋಗ್ಯ ಸಹಾಯವಾಣಿ: 104. ಆಯುಷ್ಮಾನ್ ಭಾರತ್ ಸಹಾಯವಾಣಿ: 14555.